ಬೆಂಗಳೂರಿಗೆ ಹೋದ ಮಂಡಕ್ಕಿ ಚೀಲ

ಸಭೆ ನಡೆಯುತ್ತಿರುವಾಗ ನಡುವೆ ಎದ್ದು ಹೊರಗೆ ಹೋಗಬಾರದು. ಬದುಕಿನಲ್ಲಿ ನಾನು ಸ್ವಂತ ಖರ್ಚಿನಲ್ಲಿ ಕಲಿತ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂರಿನ ವರ್ತಕರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಕೊಟ್ಟೂರಿನಲ್ಲಿ ಸಣ್ಣದೊಂದು ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ನಾನೂ ಅದರ ಸದಸ್ಯ. ಅಂದರೆ ಸಭೆಗೆ ಹೋಗುವುದು, ಹಿಂದಿನ ಸಾಲಿನಲ್ಲಿ ಕೂರುವುದು, ಉಪ್ಪಿಟ್ಟು ತಿಂದು ಬರುವುದು. ಅಂಥದೊಂದು ಸಭೆಯ ದಿನ ಕಿಟಕಿಯಿಂದ ನೋಡಿದರೆ ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರಿನ ಸೀಟನ್ನು ಒಂದು ಮೇಕೆ ಹರಿದು ಸ್ಪಂಜು ತಿನ್ನುತ್ತಿತ್ತು. ಓಡಿಹೋಗಿ ಅದನ್ನು ಅಟ್ಟಿ, ಉಳಿದ ಸ್ಪಂಜನ್ನು ಒಳಗೆ ತುರುಕಿ, ಬೆವರು ಒರೆಸಿಕೊಂಡು ಬಂದರೆ ಸಭೆಗೆ ಸಭೆಯೇ ಚಪ್ಪಾಳೆ ತಟ್ಟುತ್ತಿತ್ತು. ಮೇಕೆ ಓಡಿಸಿದ್ದಕ್ಕೆ ಇಷ್ಟು ಅಭಿಮಾನವೇ ಎಂದು ಮನಸ್ಸು ತುಂಬಿ ಬಂದು, ನಾಲ್ಕೂ ದಿಕ್ಕಿಗೆ ಕೈಮುಗಿದೆ. ಅದಕ್ಕೆ ಚಪ್ಪಾಳೆ ಇನ್ನೂ ಜೋರಾಯಿತು. ಕೂತ ಮೇಲೆ ಪಕ್ಕದವರು ಹೇಳಿದರು: ನನ್ನನ್ನು ಕಾರ್ಯದರ್ಶಿಯನ್ನಾಗಿ ಆರಿಸಿದ್ದರಂತೆ. ಕೈಮುಗಿದದ್ದರಿಂದ ಒಪ್ಪಿಗೆಯೂ ಆದಂತಾಗಿತ್ತು.

ಕಾರ್ಯದರ್ಶಿ ಎಂದರೆ ಅಂಥ ಕೆಲಸವೇನಿರಲಿಲ್ಲ. ಹೊಸ ಅಧಿಕಾರಿ ಬಂದರೆ ಹಾರ ತರುವುದು, ಹಳೆಯ ಅಧಿಕಾರಿ ಹೋದರೆ ಹಾರ ತರುವುದು. ಹಾರವನ್ನು ಹಾಕುವ ಕೆಲಸ ಅಧ್ಯಕ್ಷರದು. ನಮ್ಮ ಅಧ್ಯಕ್ಷ ಚನ್ನವೀರಪ್ಪನವರು ಹಗರಿಬೊಮ್ಮನಹಳ್ಳಿಯ ಅಕ್ಕಿ ಗಿರಣಿ ಮಾಲೀಕರು. ಕ್ಯಾಮೆರಾ ಎಲ್ಲಿದೆ ಎಂದು ನೋಡದೆ ಹಾರ ಹಾಕಿದ ಉದಾಹರಣೆ ಇಲ್ಲ. ಹೀಗೆ ಸುಖವಾಗಿದ್ದ ನನ್ನ ಕಾರ್ಯದರ್ಶಿತನಕ್ಕೆ ಕುತ್ತು ತಂದದ್ದು ವ್ಯಾಟ್ ಎಂಬ ಹೊಸ ತೆರಿಗೆ. ಹಳೆಯ ಮಾರಾಟ ತೆರಿಗೆ ಹೋಗಿ ಅದು ಬರುತ್ತದೆ, ಲೋಕದ ಸಕಲ ಸರಕುಗಳನ್ನೂ ಪಟ್ಟಿ ಮಾಡಿ ಯಾವುದಕ್ಕೆ ಎಷ್ಟು ಎಂದು ಬೆಂಗಳೂರಿನಲ್ಲಿ ಕೂತು ಬರೆಯುತ್ತಿದ್ದಾರೆ ಎಂದು ಸುದ್ದಿಯಾಗಿತ್ತು. ಅದರ ಬೆನ್ನಿಗೇ ಹೊಸಪೇಟೆಯ ತೆರಿಗೆ ವಕೀಲರೊಬ್ಬರು ಹೇಳಿದ ಮಾತು ನಮ್ಮೂರಿಗೆ ಬಂದು ಬಿತ್ತು: ಮಂಡಕ್ಕಿಯನ್ನು ಅಕ್ಕಿಯ ಜೊತೆ ಸೇರಿಸುವುದಿಲ್ಲವಂತೆ, ಚಿಪ್ಸು, ಕುರುಕಲು ಇತ್ಯಾದಿ ತೆರಿಗೆ ಬೀಳುವ ಪೊಟ್ಟಣದ ತಿಂಡಿಗಳ ಜೊತೆ ಕೂರಿಸುತ್ತಾರಂತೆ.

ಕೊಟ್ಟೂರಿನವರಿಗೆ ಇದು ಎಂಥ ಮಾತು ಎಂದು ಹೊರಗಿನವರಿಗೆ ಹೇಳಬೇಕು. ನಮ್ಮಲ್ಲಿ ಬೆಳಗಾಗುವುದು ಒಗ್ಗರಣೆ ಮಂಡಕ್ಕಿಯಿಂದ, ಸಂಜೆಯಾಗುವುದು ಮಿರ್ಚಿ ಮಂಡಕ್ಕಿಯಿಂದ. ಹೆಣ್ಣು ನೋಡಲು ಬಂದವರಿಗೂ ಅದೇ, ಮಣ್ಣು ಮಾಡಲು ಬಂದವರಿಗೂ ಅದೇ. ಅದನ್ನು ತಿಂಡಿ ಎಂದು ಕರೆದರೆ ನೀರನ್ನು ಶರಬತ್ತು ಎಂದಂತೆ. ತಮಾಷೆ ಬದಿಗಿರಲಿ, ನನಗೆ ನಿಜವಾಗಿ ಹೆದರಿಕೆಯಾಯಿತು. ನನ್ನ ಭಟ್ಟಿಯನ್ನು ನಂಬಿ ನನ್ನ ಮನೆಯಷ್ಟೇ ಅಲ್ಲ, ಮರಳಿನಲ್ಲಿ ಹುರಿಯುವ ಬಸಣ್ಣನ ಮನೆ, ಜರಡಿ ಹಿಡಿಯುವ ಇಬ್ಬರು ಹೆಣ್ಣುಮಕ್ಕಳ ಮನೆಗಳೂ ಇದ್ದವು. ನಮ್ಮ ಲಾಭವೂ ಮಂಡಕ್ಕಿಯಂತೆಯೇ. ನೋಡಲು ಚೀಲ ತುಂಬ, ತೂಗಿದರೆ ಏನಿಲ್ಲ. ಅದರ ಮೇಲೆ ತೆರಿಗೆ ಕೂತರೆ ದೊಡ್ಡ ಭಟ್ಟಿಯವರು ಹೇಗೋ ತಡೆದುಕೊಂಡಾರು, ನನ್ನಂಥವರು ಬಾಗಿಲು ಹಾಕಬೇಕಾಗುತ್ತಿತ್ತು. ಬಸಣ್ಣ ಒಂದು ದಿನ ಹುರಿಯುತ್ತಲೇ ಕೇಳಿದ: "ಅಣ್ಣಾರ, ಭಟ್ಟಿ ನಿಂತ್ರ ಮೊದ್ಲ ಹೇಳ್ರಿ. ಬ್ಯಾರೆ ಕೆಲಸ ನೋಡ್ಕಂತೀನಿ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅಂದು ನನಗೆ ಊಟ ಸೇರಲಿಲ್ಲ.

ನಿಯೋಗ ಹೋಗಿ ಮನವಿ ಕೊಡುವುದೆಂದು ಸಂಘ ತೀರ್ಮಾನಿಸಿತು. ಮನವಿಯಲ್ಲಿ ಏನಿರಬೇಕು ಎಂಬ ಸಭೆಯೇ ಮಧ್ಯಾಹ್ನದ ಊಟ ದಾಟಿತು. ಮಂಡಕ್ಕಿ ಎಂದು ನಾನು ಬಾಯಿ ತೆರೆಯುವುದರೊಳಗೆ ಕೂಡ್ಲಿಗಿಯವರು ಹುಣಸೆಹಣ್ಣಿನ ಮಾರುಕಟ್ಟೆ ಶುಲ್ಕ ಎಂದರು. ಹಡಗಲಿಯ ಮಲ್ಲಿಗೆ ವ್ಯಾಪಾರಿ ಖಾಜಾಸಾಬರು, "ನಮ್ಮ ಹೂವಿಗೊಂದು ತಣ್ಣನೆ ಗೋದಾಮು ಕೇಳ್ರಿ. ಮಂಡಕ್ಕಿ ನಾಳೆ ತಿಂದ್ರೂ ನಡಿತೈತಿ, ಮಲ್ಲಿಗಿ ನಾಳೆ ಯಾರು ಮುಡೀತಾರ?" ಎಂದರು. ಹಗರಿಬೊಮ್ಮನಹಳ್ಳಿಯವರು ಲಾರಿ ನಿಲ್ದಾಣ ಸೇರಿಸಿದರು. ಹರಪನಹಳ್ಳಿಯವರು ಎದ್ದಾಗ ಯಾರೋ, "ನೀವು ಈಗ ದಾವಣಗೆರಿ ಜಿಲ್ಲಾದವರು, ಅಲ್ಲೇ ಕೇಳ್ಕಳ್ರಿ" ಎಂದುಬಿಟ್ಟರು. ದೊಡ್ಡ ಗಲಾಟೆಯಾಯಿತು. "ಜಿಲ್ಲಾ ಬದಲಾಗಿದ್ದು ಸರ್ಕಾರದ ನಕಾಶಿಯೊಳಗೆ, ನಮ್ ಭಟ್ಟೀನ ಎತ್ತಿ ಅತ್ಲಾಗೆ ಇಟ್ಟಿಲ್ಲ" ಎಂದು ಹರಪನಹಳ್ಳಿಯವರು ಕುರ್ಚಿ ಸರಿಸಿ ಹೊರಟರು. ಅವರನ್ನು ಬಾಗಿಲಲ್ಲಿ ತಡೆದು, ಕಾಫಿ ಕುಡಿಸಿ, ಅವರ ಬೇಡಿಕೆಯನ್ನೂ ಸೇರಿಸಿಕೊಂಡೆವು. ಕೊನೆಗೆ ಮನವಿ ಎಷ್ಟು ಬೆಳೆಯಿತೆಂದರೆ ಅದನ್ನು ಒಪ್ಪಿದರೆ ಸರ್ಕಾರ ಉಳಿದ ಜಿಲ್ಲೆಗಳನ್ನು ಮುಚ್ಚಬೇಕಾಗುತ್ತಿತ್ತು. ಹೋಗುವವರು ಮೂವರು: ಅಧ್ಯಕ್ಷರು, ಖಾಜಾಸಾಬರು ಮತ್ತು ನಾನು. ಭಾಷಣ ನನ್ನದು. ಕಾರಣ, ನನ್ನ ಕನ್ನಡ ಪುಸ್ತಕದ ಕನ್ನಡದಂತಿದೆ ಎಂದು ಅಧ್ಯಕ್ಷರ ಅಭಿಪ್ರಾಯ.

ಮರುದಿನದಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಕನ್ನಡಿಯ ಮುಂದೆ ನಿಂತು, "ಮಾನ್ಯರೇ, ಈ ಭಾಗದ ಆರ್ಥಿಕ ಜೀವನಾಡಿಯಾದ ಮಂಡಕ್ಕಿ ಉದ್ಯಮವು" ಎಂದು ಆರಂಭಿಸುತ್ತಿದ್ದೆ. 'ಉದ್ಯಮವು' ಬರುವ ಹೊತ್ತಿಗೆ ಉಸಿರು ಮುಗಿಯುತ್ತಿತ್ತು. ಒಳಗಿನಿಂದ ನನ್ನ ಹೆಂಡತಿ ಶಾಂತಮ್ಮ ಕೇಳಿದಳು: "ಯಾರ ಜೊತಿ ಮಾತಾಡಾಕ ಹತ್ತೀರಿ?"

"ಸರ್ಕಾರದ ಜೊತಿ."

"ಸರ್ಕಾರ ನಿಮ್ಮ ಮಾತು ಕೇಳಿದ್ರ ಮಲಕ್ಕಂತೈತಿ. ನಮಗ ತೆರಿಗಿ ಹಾಕಬ್ಯಾಡ್ರಿ, ಬದುಕಾಕ ಆಗಲ್ಲ ಅಂತ ಹೇಳಿ ಬರ್ರಿ, ಸಾಕು."

ಹೆಣ್ಣುಮಕ್ಕಳಿಗೆ ಆರ್ಥಿಕ ನೀತಿ ತಿಳಿಯುವುದಿಲ್ಲ ಎಂದುಕೊಂಡು ಮತ್ತೆ ಕನ್ನಡಿಗೆ ತಿರುಗಿದೆ.

ಮಾದರಿಗೆಂದು ಒಂದು ಚೀಲ ಮಂಡಕ್ಕಿ ಒಯ್ಯುವುದು ಅಧ್ಯಕ್ಷರ ಯೋಜನೆ. ಬಸಣ್ಣ ಅವತ್ತಿನ ಬೆಳಗಿನ ಭಟ್ಟಿಯದನ್ನೇ ತುಂಬಿಕೊಟ್ಟ; ಮುಟ್ಟಿದರೆ ಮಾತಾಡುವಷ್ಟು ಗರಿಗರಿಯಾಗಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ. ತೂಕವೇ ಇಲ್ಲ ಎಂದು ಅಧ್ಯಕ್ಷರು, ಜಾಗ ಹಿಡಿಯುತ್ತದಲ್ಲ ಎಂದು ಅವನು. ಇಬ್ಬರ ವಾದ ಮುಗಿಯುವ ಹೊತ್ತಿಗೆ ಜಗಳೂರು ದಾಟಿತ್ತು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರಾಚೆಗೆ ಏನೂ ಕಾಣದೆ, ಬೆಂಗಳೂರು ಸೇರಿದೆ.

ಅಲ್ಲಿ ಜಿಟಿಜಿಟಿ ಮಳೆ. ತೆರಿಗೆ ಕಚೇರಿಗೆ ಹೋದರೆ, ಪಟ್ಟಿ ನೋಡುವ ಅಧಿಕಾರಿ ಮೇಡಂ ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ ಎಂದರು. ನಾಳೆ ಹೋದರೆ ನಾಡಿದ್ದು ಎಂದರು. ಲಾಡ್ಜಿನ ಕೋಣೆಯಲ್ಲಿ ಕೂತು ಕೂತು ಅಧ್ಯಕ್ಷರಿಗೆ ಬೇಸರವಾಯಿತು. ಬೇಸರವಾದರೆ ಹಸಿವಾಗುವುದು ಅವರ ಪ್ರಕೃತಿ. ಖಾಜಾಸಾಬರು ಕೆಳಗೆ ಹೋಗಿ ಈರುಳ್ಳಿ, ಹಸಿಮೆಣಸಿನಕಾಯಿ ತಂದರು. "ಸ್ವಲ್ಪ ತಗಳ್ರಿ, ಮಾದರಿಗೆ ಎಷ್ಟು ಬೇಕು?" ಎಂದು ಚೀಲ ಬಿಚ್ಚಿದರು. ಮೂವರೂ ತಿಂದೆವು, ಸುಳ್ಳೇಕೆ, ಹೆಚ್ಚು ತಿಂದದ್ದು ನಾನೇ. ತಿಂದಾದ ಮೇಲೆ ಚೀಲ ಕಟ್ಟುವುದು ಯಾರಿಗೂ ಹೊಳೆಯಲಿಲ್ಲ. ಮಳೆಗಾಳಿ ರಾತ್ರಿಯಿಡೀ ಕಿಟಕಿಯಿಂದ ಬೀಸಿತು.

ಕೊನೆಗೂ ಒಳಗೆ ಕರೆದರು. ಮೇಡಂ ನಡುವಯಸ್ಸಿನವರು, ಮೇಜಿನ ಮೇಲೆ ನಮ್ಮ ಮನವಿಯಂಥ ಮನವಿಗಳ ಗುಡ್ಡವೇ ಇತ್ತು. ಉಪ್ಪಿನಕಾಯಿಯವರು, ಅಗರಬತ್ತಿಯವರು, ಇಟ್ಟಿಗೆಯವರು ನಮಗಿಂತ ಮೊದಲೇ ಬಂದು ಹೋಗಿದ್ದರು. ನಮ್ಮ ಉದ್ದನೆಯ ಮನವಿಯನ್ನು ಅವರು ತಿರುವಿ ತಿರುವಿ ನೋಡಿ, "ಗೋದಾಮು, ಲಾರಿ ನಿಲ್ದಾಣ ಎಲ್ಲ ನನ್ನ ಕೈಲಿಲ್ಲ. ತೆರಿಗೆ ಬಗ್ಗೆ ಮಾತ್ರ ಹೇಳಿ. ಮಂಡಕ್ಕಿ ಅಂದ್ರೆ ನಮ್ಮ ಕಡೆ ಪುರಿ ಅಂತೀವಲ್ಲ, ಅದೇ ತಾನೇ?" ಎಂದರು.

ಅಧ್ಯಕ್ಷರು ಮುಂದೆ ಬಾಗಿ, "ಅಲ್ರಿ ಮೇಡಂ, ಪೂರಿ ಎಣ್ಣ್ಯಾಗ ಕರೀತಾರ. ಇದು ಉಸುಕಿನಾಗ ಹುರಿಯೋದು" ಎಂದರು.

ಮೇಡಂ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. "ಮಾನ್ಯರೇ, ಈ ಭಾಗದ ಆರ್ಥಿಕ" ಎಂದೆ. ಅಷ್ಟೇ. ಮುಂದಿನದು ಕೊಟ್ಟೂರಿನ ಕನ್ನಡಿಯಲ್ಲೇ ಉಳಿದುಹೋಗಿತ್ತು. "ಈ ಭಾಗದ ಆರ್ಥಿಕ" ಎಂದು ಮತ್ತೊಮ್ಮೆ ಎಂದೆ. ಖಾಜಾಸಾಬರು ಮೆಲ್ಲಗೆ, "ಕುಂದರ್ರಿ, ಚೀಲ ಬಿಚ್ರಿ" ಎಂದರು. ಬಿಚ್ಚಿದೆ. ಮೇಡಂ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು. ನಾವು ಮೂವರೂ ಕುರುಮ್ ಎಂಬ ಸದ್ದಿಗೆ ಕಿವಿಗೊಟ್ಟೆವು. ಸದ್ದು ಬರಲಿಲ್ಲ. ಅವರು ಅಗಿದರು. ಇನ್ನೂ ಅಗಿದರು. "ಇದೇನ್ರಿ, ರಬ್ಬರ್ ಥರ ಇದೆ?" ಎಂದರು.

ಅಧ್ಯಕ್ಷರು ನನ್ನನ್ನು ನುಂಗುವಂತೆ ನೋಡಿದರು. ನನಗೆ ಬಸಣ್ಣ ನೆನಪಾದ. ಅವನು ಹುರಿದ ಮಂಡಕ್ಕಿಗೆ ಇಂಥ ಮಾತು ಕೇಳಬೇಕಾಯಿತಲ್ಲ ಎಂದುಕೊಂಡ ಕೂಡಲೇ ಪುಸ್ತಕದ ಕನ್ನಡವೆಲ್ಲ ಬಿಟ್ಟುಹೋಯಿತು.

"ಮೇಡಂ, ನಮ್ಮೂರಾಗ ಬಿಸಿ ಬಿಸಿ ತಿಂದು ನೋಡ್ರಿ, ಆಮೇಲೆ ಹೇಳ್ರಿ! ನಿಮ್ಮನ್ನ ಕಾಯ್ಕಂತ ಕುಂತು ಹಿಂಗಾಗೇತ್ರಿ. ಮಂಡಕ್ಕಿ ಇಟ್ಕಂಡು ಮಾರೋ ಮಾಲಲ್ರಿ. ಗಾಳಿ ತಾಗಿದ್ರ ಮುಗೀತು. ಅವತ್ತಿಂದವತ್ತ ಹುರೀಬೇಕು, ಅವತ್ತಿಂದವತ್ತ ಮಾರಬೇಕು. ಉಳಿದ್ರ ಎಮ್ಮಿ ಮುಂದ ಸುರೀತೀವ್ರಿ. ತಿಂಗಳಾನಗಟ್ಲೆ ಕೆಡದ ಪೊಟ್ಟಣದ ತಿಂಡಿ ಜೊತಿ ಇದನ್ನ ಹೆಂಗ ಕುಂದ್ರಸ್ತೀರಿ? ತೆರಿಗಿ ಹಾಕಿದ್ರ ನಮಗ ಬದುಕಾಕ ಆಗಲ್ರಿ."

ಹೇಳಿ ಮುಗಿಸಿದ ಮೇಲೆ ನಾನು ಎಲ್ಲಿದ್ದೇನೆಂದು ಅರಿವಾಯಿತು. ಸರ್ಕಾರದ ಮುಂದೆ ಸರ್ಕಾರದ್ದೇ ತಪ್ಪು ಎಂದುಬಿಟ್ಟಿದ್ದೆ. ಆದರೆ ಮೇಡಂ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿ, ನೀರು ಕುಡಿದು, ನಗತೊಡಗಿದರು. ಪೆನ್ನು ತೆಗೆದುಕೊಂಡು, ಹೇಗೆ ಹುರಿಯುತ್ತೀರಿ, ಪೊಟ್ಟಣ ಕಟ್ಟುತ್ತೀರಾ, ಯಾರು ಕೊಳ್ಳುತ್ತಾರೆ ಎಂದು ಒಂದೊಂದಾಗಿ ಕೇಳಿದರು. ನಾನು ಹೇಳುತ್ತಾ ಹೋದೆ. ನಾವು ಹೊರಡುವಾಗ, "ಕೆಡುವ ಪದಾರ್ಥ ಅನ್ನೋದನ್ನ ಯಾರೂ ಹೇಳಿರಲಿಲ್ಲ. ನೋಡೋಣ" ಎಂದರು. ಬಸ್ಸಿನಲ್ಲಿ ಅಧ್ಯಕ್ಷರು ಚಿತ್ರದುರ್ಗದವರೆಗೆ ನನ್ನೊಡನೆ ಮಾತಾಡಲಿಲ್ಲ.

ಕೆಲವು ತಿಂಗಳ ಮೇಲೆ ಪಟ್ಟಿ ಹೊರಬಂತು. ತೆರಿಗೆ ಇಲ್ಲದ ಸರಕುಗಳ ನಡುವೆ ಮಂಡಕ್ಕಿ ಹಾಯಾಗಿ ಕೂತಿತ್ತು. ನಮ್ಮಿಂದಲೇ ಆಯಿತೋ, ಬೇರೆ ಊರಿನವರೂ ಹೋಗಿ ಬಂದಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಬಸಣ್ಣನಿಗೆ ಹೇಳಿದರೆ ಅವನು "ಹೌದಾ?" ಎಂದು ಜರಡಿಯವರಿಗೆ ಕೂಗಿ ಹೇಳಿ, ಆ ಹೊತ್ತಿನ ಭಟ್ಟಿಗೆ ಉಪ್ಪು ಹಾಕುವುದನ್ನೇ ಮರೆತ. ಸಂಘ ಹಗರಿಬೊಮ್ಮನಹಳ್ಳಿಯಲ್ಲಿ ಅಧ್ಯಕ್ಷರಿಗೆ ಸನ್ಮಾನ ಮಾಡಿತು. ಹಾರ ತಂದವನು ನಾನು. ಅಧ್ಯಕ್ಷರು ಕ್ಯಾಮೆರಾ ನೋಡಿಕೊಂಡು ಭಾಷಣ ಮಾಡಿದರು: "ಬೆಂಗಳೂರಿನವರಿಗೆ ಬಾಯಿಮಾತಿನಾಗ ಹೇಳಿದ್ರ ತಿಳಿಯಂಗಿಲ್ಲ. ಅದಕ್ಕ ನಾನು ಬೇಕಂತಲೇ ಚೀಲದ ಬಾಯಿ ಬಿಚ್ಚಿ ಇಟ್ಟು, ಮಂಡಕ್ಕಿ ಮೆತ್ತಗ ಮಾಡಿ ಒಯ್ದಿದ್ದೆ!" ಜನ ಬಿದ್ದು ಬಿದ್ದು ಚಪ್ಪಾಳೆ ತಟ್ಟಿದರು. ಖಾಜಾಸಾಬರು ನನ್ನ ಕಿವಿಯಲ್ಲಿ, "ಈರುಳ್ಳಿ ತಂದವನು ನಾನು, ನನ್ನ ಹೆಸರು ಎಲ್ಲೂ ಬರ್ಲಿಲ್ಲ ನೋಡ್ರಿ" ಎಂದರು. ಅವರ ತಣ್ಣನೆ ಗೋದಾಮಿನ ಸುದ್ದಿಯೂ ಎಲ್ಲೂ ಬರಲಿಲ್ಲ. ಪಾಪ, ಆ ಮನವಿಯನ್ನು ಅವರು ಆಮೇಲೂ ಬಹಳ ಕಾಲ ಕೊಡುತ್ತಲೇ ಇದ್ದರು.

ನನಗೆ ಸನ್ಮಾನ ಸಿಕ್ಕಿದ್ದು ಆ ವಾರದ ಸಂತೆಯ ದಿನ, ಅಂಗಡಿಯಲ್ಲಿ. ಒಬ್ಬ ಅಜ್ಜಿ ಚೀಲ ಚಾಚಿ, "ತೆರಿಗಿ ಬಿಡಿಸ್ಕಂಡು ಬಂದಿಯಂತಲ್ಲಪ್ಪ, ರೇಟು ಯಾಕ ಇಳಿಸಿಲ್ಲ?" ಎಂದಳು.

"ಅಮ್ಮಾ, ತೆರಿಗಿ ಮೊದಲೂ ಇರಲಿಲ್ಲ. ಮುಂದ ಹಾಕೋರಿದ್ರು, ಅದನ್ನ ತಪ್ಪಿಸಿ ಬಂದೀವಿ."

"ಅಂದ್ರ ಮೊದ್ಲೂ ಇರ್ಲಿಲ್ಲ, ಈಗ್ಲೂ ಇಲ್ಲ?"

"ಹೂಂ."

"ಮತ್ತ ಅಷ್ಟು ದೂರ ಹೋಗಿ ಏನು ಮಾಡಿ ಬಂದ್ರಿ?"

ಹಿಂದೆ ನಿಂತವರೆಲ್ಲ ನಕ್ಕರು. ನಾನು ಅವಳಿಗೆ ರಾಜ್ಯದ ಆರ್ಥಿಕ ನೀತಿಯನ್ನು ವಿವರಿಸಲು ಬಾಯಿ ತೆರೆದೆ. "ಈ ಭಾಗದ ಆರ್ಥಿಕ" ಎಂಬಲ್ಲಿಗೇ ಮಾತು ನಿಂತಿತು. ಅಜ್ಜಿ ಚೀಲವನ್ನು ಇನ್ನಷ್ಟು ಚಾಚಿದಳು. ನಾನು ಅಳೆದ ಸೇರಿನ ಮೇಲೆ ಇನ್ನೊಂದು ಬೊಗಸೆ ಹಾಕಿದೆ. ಅವಳಿಗೆ ಹಾಕಿದ್ದನ್ನು ಕಂಡು ಅವಳ ಹಿಂದಿನವರೂ ಕೇಳಿದರು, ಅವರಿಗೂ ಹಾಕಿದೆ. ಸರ್ಕಾರಕ್ಕೆ ಕೊಡುವುದಿಲ್ಲ ಎಂದು ಬೆಂಗಳೂರಿನವರೆಗೆ ಹೋಗಿ ಉಳಿಸಿಕೊಂಡು ಬಂದದ್ದನ್ನು, ಅಂದು ಸಂತೆ ಮುಗಿಯುವುದರೊಳಗೆ ಬೊಗಸೆ ಬೊಗಸೆಯಾಗಿ ನಾನೇ ಕೊಟ್ಟು ಮುಗಿಸಿದ್ದೆ.