ಬಲಗೊಠಡಿಯ ಇಪ್ಪತ್ತನಾಲ್ಕು ಇಲಿಗಳಿಗೆ ಉಳಿದ ಹದಿನೆಂಟೂವರೆ ಪದ್ಯ ಹೇಳಿ ಮುಗಿಸಲು ಅನುಮತಿ ಕೋರಿ

“ಬಲಗಡೆಯವು ಯಾಕೆ ಇಷ್ಟು ಬೇಗ ಕೈಚೆಲ್ಲಿಬಿಡ್ತವೆ?”
(ಉಲ್ಲೇಖ 1 ನೋಡುವುದು)

ಇಂದ:
ಪ್ರಾಣಿಪಾಲಕ, ಇಲಿ ವಿಭಾಗ, ನೆಲಮಾಳಿಗೆ.

ಗೆ:
ಮಾನ್ಯ ನಿರ್ದೇಶಕರು, ಔಷಧ ಸಂಶೋಧನಾ ಸಂಸ್ಥೆ, ಎರಡನೆಯ ಮಹಡಿ.

ವಿಷಯ: ನಾಳೆ ಬುಧವಾರ ಒಂದು ದಿನದ ಮಟ್ಟಿಗೆ ಹನ್ನೊಂದರ ಗಂಟೆಯನ್ನು ಹನ್ನೊಂದು ಮೂವತ್ತೇಳಕ್ಕೆ ಹೊಡೆಸುವ ಬಗ್ಗೆ.

ಉಲ್ಲೇಖ:
1) ಕಳೆದ ಗುರುವಾರ ಪರೀಕ್ಷಾ ಕೊಠಡಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯವರು ಯಾರನ್ನೂ ಉದ್ದೇಶಿಸದೆ ಗಟ್ಟಿಯಾಗಿ ಕೇಳಿದ ಪ್ರಶ್ನೆ (ಮೇಲೆ ನಮೂದಿಸಿದೆ).
2) ‘ಪ್ರಾಣಿ ಕೊಠಡಿಗಳಲ್ಲಿ ಸಿಬ್ಬಂದಿ ಪರಸ್ಪರ ಮಾತನಾಡಕೂಡದು’ ಎಂಬ ಸುತ್ತೋಲೆ.
3) ತಮ್ಮ ನಿನ್ನೆಯ ಆದೇಶ: ಯೋಜನೆ ಮುಕ್ತಾಯ, ನಲವತ್ತೆಂಟು ಇಲಿಗಳ ವಿಲೇವಾರಿ, ಗುರುವಾರ ಬೆಳಿಗ್ಗೆ ಎಂಟು ಗಂಟೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹತ್ತೊಂಬತ್ತು ವರ್ಷಗಳಿಂದ ತಮ್ಮ ನೆಲಮಾಳಿಗೆಯಲ್ಲಿ ಬಾಯಿ ಬಿಡದೆ ಸೇವೆ ಸಲ್ಲಿಸುತ್ತಿರುವ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಬಾಯಿ ಬಿಟ್ಟಿದ್ದೇನೆ. ವಿವರ ಕೆಳಗಿನಂತಿದೆ.

1. ಉಲ್ಲೇಖ 1ರ ಪ್ರಶ್ನೆ ಕೇಳಿದಾಗ ಆ ಕೊಠಡಿಯಲ್ಲಿ ನಾನಿದ್ದೆ. ಗಾಜಿನ ಉದ್ದ ಜಾಡಿಯ ನೀರಿನಿಂದ ಮೇಲೆತ್ತಿದ ಇಲಿಯನ್ನು ಟವೆಲಿನಲ್ಲಿ ಸುತ್ತಿ ಬಿಸಿದೀಪದ ಕೆಳಗೆ ಒರೆಸುತ್ತಿದ್ದೆ. ವಿದ್ಯಾರ್ಥಿನಿಯವರ ಕೈಯಲ್ಲಿ ಗಡಿಯಾರವಿತ್ತು. ಇಲಿಯನ್ನು ಆರು ನಿಮಿಷ ನೀರಿಗೆ ಬಿಡುವುದು, ಎಷ್ಟು ಹೊತ್ತು ಈಜುತ್ತದೆ, ಯಾವಾಗ ಈಜುವುದನ್ನು ಬಿಟ್ಟು ಮೂಗು ಮಾತ್ರ ಮೇಲಿಟ್ಟು ಸುಮ್ಮನಾಗುತ್ತದೆ ಎಂದು ಬರೆದುಕೊಳ್ಳುವುದು, ಇದು ಪರೀಕ್ಷೆ. ಮನಸ್ಸು ಕುಗ್ಗಿದವರಿಗೆಂದು ದೊಡ್ಡ ಡಾಕ್ಟರು ಎಂಟು ವರ್ಷದಿಂದ ಕಾಯಿಸಿ ಸೋಸಿ ತಯಾರಿಸಿದ ಔಷಧಿ ಕುಡಿದ ಇಲಿ ಹೆಚ್ಚು ಹೊತ್ತು ಈಜಬೇಕು. ಪ್ರಶ್ನೆ ನನಗೆ ಕೇಳಿದ್ದಲ್ಲವಾದ ಕಾರಣ ನಾನು ಉತ್ತರಿಸಲಿಲ್ಲ. ಆದರೆ ಉತ್ತರ ನನ್ನ ಬಳಿಯೇ ಇತ್ತೆಂಬುದು ಮನೆಗೆ ಹೋಗುವ ದಾರಿಯಲ್ಲಿ, ಮೂರನೆಯ ತಿರುವಿನಲ್ಲಿ, ಹೊಳೆಯಿತು. 

2. ನನ್ನ ಅಜ್ಜಿ ‘ತಂಗಿ ಹೊಳೆ ದಾಟಿದ ಕಥೆ’ಯನ್ನು ನಲವತ್ತೆಂಟು ಪದ್ಯಗಳಲ್ಲಿ ಬಾಯಿಪಾಠವಾಗಿ ಹೇಳುತ್ತಿದ್ದವಳು. ಜ್ವರದಲ್ಲಿ ಬಿದ್ದ ಅಣ್ಣನಿಗೆ ತಂಗಿ ಆಚೆ ದಡದಿಂದ ಔಷಧಿಯ ಬೇರು ತರುತ್ತಾಳೆ. ಹೊಳೆ ಏರಿದೆ. ಬೇರನ್ನು ಹಲ್ಲಿನಲ್ಲಿ ಕಚ್ಚಿ ಈಜುತ್ತಾಳೆ. ಕಥೆ ಇಷ್ಟೇ. ನಾನು ಹೇಳುವವನಲ್ಲ, ಕೇಳುವವನು; ಏಳು ವರ್ಷದವನಿದ್ದಾಗಿನಿಂದ ಅಜ್ಜಿಯ ಮಂಡಿಗೆ ಕಿವಿಯಿಟ್ಟು ಕೇಳಿದೆ. ಆಕೆ ಹೋದ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲವಾದ್ದರಿಂದ, ಪಂಜರ ತೊಳೆಯುವಾಗ ನನ್ನಷ್ಟಕ್ಕೆ ಹೇಳಿಕೊಳ್ಳತೊಡಗಿದೆ. ಇಲಿಗಳು ಕೇಳಿದವು. ಕೇಳಬೇಡಿ ಎನ್ನಲು ನನಗೆ ಅಧಿಕಾರವಿರಲಿಲ್ಲ.

3. ಉಲ್ಲೇಖ 2ರ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ್ದೇನೆ. ಸಿಬ್ಬಂದಿಯ ಜೊತೆ ನಾನು ಮಾತನಾಡಿಲ್ಲ. ಇಲಿಗಳು ಸಿಬ್ಬಂದಿಯಲ್ಲ.

4. ಅಜ್ಜಿಯ ಕಟ್ಟಳೆಗಳು ಎರಡು. ಒಂದು: “ಕಥೆಗೆ ಬಾಗಿಲಿಂದ ಬರಬೇಕು ಮಗಾ, ಕಿಟಕಿ ಹಾರಿ ಬರಬಾರದು.” ಅಂದರೆ ನಡುವಿನಿಂದ ಶುರು ಮಾಡುವಂತಿಲ್ಲ. ಎರಡು: “ನೀರಲ್ಲಿರೋರನ್ನ ನೀರಲ್ಲೇ ಬಿಟ್ಟು ಏಳಬಾರದು. ದಡ ಹತ್ತಿಸಿ ಏಳು.” ಒಂದು ಸಲ ನೆರೆಮನೆಯಾಕೆ ಬಂದು ಬಾಗಿಲು ಬಡಿದಾಗಲೂ ಅಜ್ಜಿ ಏಳಲಿಲ್ಲ. “ಯಾರೋ ಬಂದಿದಾರೆ ಅಜ್ಜಿ” ಎಂದೆ. “ಬಂದೋರು ನೆಲದ ಮೇಲಿದಾರಲ್ಲ, ನಿಂತಿರ್ತಾರೆ” ಎಂದಳು.

5. ಈಗ ನನ್ನ ತಪ್ಪಿಗೆ ಬರುತ್ತೇನೆ. ಸದರಿ ನಲವತ್ತೆಂಟು ಇಲಿಗಳಲ್ಲಿ ಅರ್ಧಕ್ಕೆ ನೀಲಿ ಚೀಟಿ, ಅರ್ಧಕ್ಕೆ ಹಳದಿ. ಒಂದು ಬಣ್ಣಕ್ಕೆ ಔಷಧಿ, ಇನ್ನೊಂದಕ್ಕೆ ಬರಿಯ ಸಕ್ಕರೆ ನೀರು. ಯಾವುದಕ್ಕೆ ಯಾವುದು ಎಂಬುದು ಮೊಹರು ಹಾಕಿದ ಲಕೋಟೆಯಲ್ಲಿತ್ತು. ಎರಡು ಬಣ್ಣವನ್ನೂ ಎರಡೂ ಕೊಠಡಿಗಳಲ್ಲಿ ಬೆರೆಸಿ ಇಡಬೇಕೆಂದು ಪಟ್ಟಿಯಿತ್ತು. ಆ ಪಟ್ಟಿ ಮೂವತ್ತೊಂದು, ಎರಡು, ನಲವತ್ತು, ಏಳು ಎಂದು ಚೆಲ್ಲಾಪಿಲ್ಲಿಯಾಗಿತ್ತು. ಅವಸರದಲ್ಲಿ ಯಾರೋ ಬರೆದಿದ್ದಾರೆಂದು ಭಾವಿಸಿ, ಎಲ್ಲ ನೀಲಿಯನ್ನು ಎಡಗೊಠಡಿಗೂ ಎಲ್ಲ ಹಳದಿಯನ್ನು ಬಲಗೊಠಡಿಗೂ ಸಾಲಾಗಿ ಜೋಡಿಸಿದೆ. ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು, “ಆಹಾ, ಎಷ್ಟು ಅಚ್ಚುಕಟ್ಟು!” ಎಂದರು. ಹತ್ತೊಂಬತ್ತು ವರ್ಷದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

6. ಎಡಗೊಠಡಿಯ ಕೆಲಸ ಎಂಟು ಗಂಟೆಗೆ ಶುರು. ಎರಡೂ ಕೊಠಡಿಯ ನೀರಿನ ಶೀಷೆಗಳನ್ನು ಅಲ್ಲೇ ತೊಳೆಯಬೇಕಾದ ಕಾರಣ ಒಂಬತ್ತೂ ಮುಕ್ಕಾಲಿನವರೆಗೆ ಹಿಡಿಯುತ್ತದೆ. ಪದ್ಯಕ್ಕೆ ಎರಡು ನಿಮಿಷದಂತೆ ನಲವತ್ತೆಂಟೂ ಮುಗಿಯುತ್ತವೆ. ತಂಗಿ ದಡ ಸೇರುತ್ತಾಳೆ, ಬೇರು ಅರೆಯುತ್ತಾಳೆ, ಅಣ್ಣ ಕಣ್ಣು ಬಿಡುತ್ತಾನೆ. ನೀಲಿ ಇಲಿಗಳು ಮೈ ನೆಕ್ಕಿಕೊಂಡು ಮಲಗುತ್ತವೆ. ಬಲಗೊಠಡಿಯ ಬೀಗದಕೈ ಹತ್ತಕ್ಕೆ ಮೊದಲು ಕೊಡುವುದಿಲ್ಲ. ಹನ್ನೊಂದರ ಗಂಟೆಗೆ ವಾಪಸು ಕೊಡಬೇಕು. ಎಡಗೊಠಡಿಯಲ್ಲಿ ಹೇಳಿದ್ದನ್ನು ಹಳದಿ ಇಲಿಗಳು ಕೇಳಿಲ್ಲವಾದ್ದರಿಂದ ಅಲ್ಲಿ ಮೊದಲಿನಿಂದ ಹೇಳಬೇಕು. ಹೀಗಾಗಿ ಇಪ್ಪತ್ತೊಂಬತ್ತು ಪದ್ಯ ಮುಗಿದು ಮೂವತ್ತನೆಯದರ ಅರ್ಧದಲ್ಲಿ, ನಡುಹೊಳೆಯ ಸುಳಿ ತಂಗಿಯನ್ನು ತಡೆದು ನಿಲ್ಲಿಸುವ ಜಾಗದಲ್ಲಿ, ಪ್ರತಿದಿನ ಗಂಟೆ ಹೊಡೆಯುತ್ತದೆ:

ಬಾಯ ತೆರೆಯೌ ತಂಗಿ ಮಾತಿಗೆ
ಕಾಯುತಿಹೆ ನಾ ದಡವ ಕೊಡುವೆನು
ಆಯ ತಪ್ಪಿದ ಹೊಳೆಯ ನಡುವಲಿ ಸುಳಿಯು ಕೇಳಿತಲಾ

ಗಂಟೆ. ಬಕೆಟ್ಟು, ಪೊರಕೆ, ಬೀಗ. ಮರುದಿನ ಕಿಟಕಿ ಹಾರುವಂತಿಲ್ಲವಾದ ಕಾರಣ ಮತ್ತೆ ಮೊದಲಿನಿಂದ. ಮತ್ತೆ ಸುಳಿ. ಮತ್ತೆ ಗಂಟೆ. ಹೀಗೆ ನಲವತ್ತೆರಡು ದಿನ. ಒಂದು ಕಟ್ಟಳೆ ಉಳಿಸಲು ಹೋಗಿ ಇನ್ನೊಂದನ್ನು ನಲವತ್ತೆರಡು ಸಲ ಮುರಿದಿದ್ದೇನೆ. ಎಡಗೊಠಡಿಯಲ್ಲಿ ಪೂರ್ತಿಯಾಗಿದೆಯಲ್ಲ, ಒಟ್ಟಿನಲ್ಲಿ ಲೆಕ್ಕಕ್ಕೆ ಸರಿಹೋಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ನಡುವೆ ಗೋಡೆಯಿದೆ ಎಂಬುದನ್ನು ಮರೆತೆ.

7. ಹಳದಿ ಹದಿನೇಳು ಎಂಬ ಇಲಿಗೆ ಎಡಕಿವಿಯ ತುದಿ ಹರಿದಿದೆ. ಇಪ್ಪತ್ತೆಂಟನೆಯ ಪದ್ಯಕ್ಕೆ ಸರಿಯಾಗಿ ಅದು ತಿನ್ನುವುದನ್ನು ಬಿಟ್ಟು ಸರಳಿನ ಬಳಿ ಬರುತ್ತದೆ. ಗಂಟೆ ಹೊಡೆದು ನಾನು ದೀಪ ಆರಿಸುವಾಗಲೂ ಎರಡು ಕಾಲಲ್ಲಿ ನಿಂತೇ ಇರುತ್ತದೆ. ಕಳೆದ ಗುರುವಾರ ಜಾಡಿಯಲ್ಲಿ ಅದು ಒಂದು ನಿಮಿಷ ಈಜಿತು. ಆಮೇಲೆ ಸುಮ್ಮನಾಗಿ, ಮೂಗು ಮೇಲಿಟ್ಟು, ನನ್ನ ಕಡೆ ನೋಡಿತು.

8. ನಿನ್ನೆ ಲಕೋಟೆ ಒಡೆಯಲಾಯಿತು. ಔಷಧಿ ಹಳದಿಗೆ, ಸಕ್ಕರೆ ನೀರು ನೀಲಿಗೆ. ದೊಡ್ಡ ಡಾಕ್ಟರು ಮೂರು ಕಾಲಿನ ಸ್ಟೂಲಿನ ಮೇಲೆ ಕೂತರು. “ಸಕ್ಕರೆ ಕುಡಿದವು ನಾಲ್ಕು ನಿಮಿಷ ಈಜ್ತವೆ. ನನ್ನ ಔಷಧಿ ಕುಡಿದವು ಒಂದೂವರೆಗೇ ಸಾಕಪ್ಪಾ ಅಂತವೆ. ಎಂಟು ವರ್ಷ ನಾನು ಮಾಡಿದ್ದು ಇದೇನಾ?” ಎಂದರು. ವಿದ್ಯಾರ್ಥಿನಿಯವರು ಕನ್ನಡಕ ಒರೆಸಿದರು. ಎರಡು ಸಲ ಒರೆಸಿದರು.

9. ಪದ್ಯದ ಮಹಿಮೆ ಎಂದು ನಾನು ವಾದಿಸುತ್ತಿಲ್ಲ. ಇಲಿಗೆ ಛಂದಸ್ಸು ತಿಳಿಯುತ್ತದೆ ಎಂದೂ ಹೇಳುವುದಿಲ್ಲ. ತಿಳಿಯುವುದಿಲ್ಲ ಎನ್ನುವಷ್ಟು ಓದಿದವನೂ ನಾನಲ್ಲ. ಮುಗಿದ ದನಿ ಬೇರೆ, ಕಡಿದ ದನಿ ಬೇರೆ, ಇಷ್ಟನ್ನು ಕಿವಿಯಿರುವ ಯಾವ ಜೀವವಾದರೂ ಬಲ್ಲದು. ನಲವತ್ತೆರಡು ದಿನ ಒಬ್ಬಳನ್ನು ನೀರಿನಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡು ಹೋದವನು, ನಲವತ್ತಮೂರನೆಯ ದಿನ ಆ ಇಲಿಗಳನ್ನೇ ನೀರಿಗೆ ಬಿಟ್ಟರೆ, ಅವು ಏನೆಂದುಕೊಳ್ಳಬೇಕು ಮಾನ್ಯರೇ?

10. ಈ ವಿಷಯವನ್ನು ನನ್ನ ಹೆಂಡತಿಗೆ ತಿಳಿಸಲಾಗಿ, ಆಕೆ ಪಾತ್ರೆ ಕೆಳಗಿಟ್ಟು, “ಅಯ್ಯೋ ದೇವರೇ! ಮನೇಲಿ ಉಪ್ಪು ಕಮ್ಮಿ ಅನ್ನೋಕೂ ಬಾಯಿಬಿಡಲ್ಲ, ಇಲಿ ಮುಂದೆ ನಲವತ್ತೆಂಟು ಪದ್ಯನಾ? ನನ್ನನ್ನೂ ಪಂಜರದಲ್ಲಿ ಇಡಿ, ನಾಲ್ಕು ಮಾತಾದ್ರೂ ಸಿಗುತ್ತೆ” ಎಂದಳು. ಆಮೇಲೆ ಪಾತ್ರೆ ಮತ್ತೆ ಕೈಗೆತ್ತಿಕೊಂಡು, “ದಡ ಸೇರ್ತಾಳೆ ತಾನೇ?” ಎಂದು ಕೇಳಿದಳು. ಹೂಂ ಎಂದೆ. “ಹಾಗಾದ್ರೆ ಅವಕ್ಕೂ ಹೇಳಿಬಿಡಿ. ಇಲಿ ಆದ್ರೇನು, ಕೇಳಿದ ಮೇಲೆ ಮುಗೀತು” ಎಂದಳು.

11. ಇಂದು ಬೆಳಿಗ್ಗೆ ವಿದ್ಯಾರ್ಥಿನಿಯವರಿಗೂ ನಿವೇದಿಸಿದೆ. ನಕ್ಕರು. ನಗುತ್ತಲೇ ಪಟ್ಟಿ ತೆಗೆದು ನೋಡಿದರು, ನೀಲಿ ಎಡಕ್ಕೆ, ಹಳದಿ ಬಲಕ್ಕೆ ಎಂದು ಬೆರಳಿಟ್ಟು ಎಣಿಸಿದರು, ನಗು ನಿಂತಿತು. “ಅಣ್ಣಾ, ದಿನಾ ಹನ್ನೊಂದಕ್ಕೆ ಔಷಧಿ ಹಾಕೋಕೆ ಬಂದಾಗ ಬಾಗಿಲಾಚೆ ನನಗೂ ಕೇಳ್ತಿತ್ತು. ಬಾಯ ತೆರೆಯೌ ತಂಗಿ ಅಂತ. ಬಸ್ಸಲ್ಲೂ ಅದೇ ಗುನುಗ್ತೀನಿ. ಆಮೇಲೆ ಅವಳು ಬಾಯಿ ತೆರೀತಾಳಾ?” ಎಂದರು. ನಡುವಿನಿಂದ ಹೇಳುವಂತಿಲ್ಲವೆಂದೆ. “ಸುಮ್ನೆ ಹೌದೋ ಅಲ್ವೋ ಹೇಳಿ!” ಎಂದು ಮೇಜು ಗುದ್ದಿದರು. ಸದರಿಯವರ ಹೆಸರನ್ನೂ ನಾಳೆಯ ಶ್ರೋತೃಗಳ ಪಟ್ಟಿಗೆ ಸೇರಿಸಲು ಕೋರುತ್ತೇನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯವಿಟ್ಟು,

ಅ) ನಾಳೆ ಗಂಟೆಯನ್ನು ಮೂವತ್ತೇಳು ನಿಮಿಷ ತಡವಾಗಿ ಹೊಡೆಸಬೇಕು. ಗುರುವಾರ ಬೆಳಿಗ್ಗೆಯ ಆದೇಶವನ್ನು ನಾನು ಪ್ರಶ್ನಿಸುತ್ತಿಲ್ಲ. ಅದು ನನ್ನ ದರ್ಜೆಗೆ ಮೀರಿದ್ದು. ಹೋಗುವವು ದಡ ನೋಡಿ ಹೋಗಲಿ.

ಆ) ಔಷಧಿಯನ್ನು ಕಡತದಿಂದ ತೆಗೆದುಹಾಕುವ ಮೊದಲು, ಬೇರೆ ಇಲಿಗಳ ಮೇಲೆ, ಎರಡೂ ಕೊಠಡಿಗೆ ಪೂರ್ತಿ ಹೇಳಿಯೋ ಅಥವಾ ಎರಡಕ್ಕೂ ಏನೂ ಹೇಳದೆಯೋ ಮತ್ತೊಮ್ಮೆ ಅಳೆಯಬೇಕು. ಅಲ್ಲಿಯವರೆಗೆ ಔಷಧಿ ನಿರಪರಾಧಿ. ಅಪರಾಧಿ ಈ ಕೆಳಗೆ ಸಹಿ ಮಾಡಿದ್ದಾನೆ.

ಇ) ಚೆಲ್ಲಾಪಿಲ್ಲಿಯಾಗಿರುವ ಪಟ್ಟಿಗಳ ಮೇಲೆ ‘ಇದು ಬೇಕೆಂದೇ ಹೀಗಿದೆ’ ಎಂದು ಇನ್ನು ಮುಂದೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ತಮ್ಮ ಪಾದದಡಿಯ, ಅಂದರೆ ಮೂರು ಮಹಡಿ ಕೆಳಗಿನ, ವಿಶ್ವಾಸಿ,
(ಸಹಿ)
ಪ್ರಾಣಿಪಾಲಕ
ಮಂಗಳವಾರ

ಲಗತ್ತುಗಳು:
1) ಬೆರೆಸಿಡಬೇಕಿದ್ದ ಪಟ್ಟಿ, ಮತ್ತು ನಾನು ಅಚ್ಚುಕಟ್ಟು ಮಾಡಿದ ಪಟ್ಟಿ.
2) ನಾನು ಮನೆಯಲ್ಲಿ ಮಾತನಾಡುವುದಿಲ್ಲವೆಂಬ ಬಗ್ಗೆ ಹೆಂಡತಿಯ ದೃಢೀಕರಣ (ಕೇಳಿದ್ದು ಒಂದು ಸಾಲು, ಕೊಟ್ಟಿದ್ದು ಎರಡು ಪುಟ).
3) ಮೂವತ್ತನೆಯ ಪದ್ಯದ ಉಳಿದ ಅರ್ಧ, ತಮ್ಮ ಕಣ್ಣಿಗೆ ಮಾತ್ರ. ತಾವು ಮೇಲೆ ಮೊದಲರ್ಧ ಓದಿರುವುದರಿಂದ ತಮ್ಮನ್ನು ಹಾಗೆ ಬಿಡುವಂತಿಲ್ಲ:

ಬಾಯ ಬೇರನು ಬಿಡದೆ ತಂಗಿಯು
ಮಾಯೆಗೊಲಿಯದೆ ತಲೆಯನಡ್ಡಕೆ
ಸಾಯದುಸಿರಲಿ ತೂಗಿ ಸೀಳ್ದಳು ಸುಳಿಯ ನೀರನು ತಾ

ವಿಶೇಷ ಸೂಚನೆ: ಈ ಲಗತ್ತನ್ನು ನಕಲು ಮಾಡುತ್ತಿರುವಾಗ ದೊಡ್ಡ ಡಾಕ್ಟರು ಸ್ವತಃ ನೆಲಮಾಳಿಗೆಗೆ ಇಳಿದು ಬಂದರು. ವಿದ್ಯಾರ್ಥಿನಿಯವರು ಎಲ್ಲವನ್ನೂ ಹೇಳಿದ್ದರು. ನಾನು ಎದ್ದು ನಿಂತೆ. ಅವರು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಮುಖದಲ್ಲಿ ನಿನ್ನೆ ಇಲ್ಲದ ಜೀವವಿತ್ತು.

“ನೋಡಪ್ಪಾ, ಮೇಲಿನವರು ಬರೀ ಬಾಯಿಮಾತು ನಂಬಲ್ಲ. ಸಾಬೀತು ಮಾಡ್ಬೇಕು. ನಾಳೆನೇ ಇಪ್ಪತ್ತನಾಲ್ಕು ಹೊಸ ಮರಿ ತರಿಸ್ತೀನಿ. ಔಷಧಿ ಬೇಡ, ಸಕ್ಕರೆ ನೀರೂ ಬೇಡ. ನೀನು ದಿನಾ ಬಂದು ಆ ಸುಳಿ ತನಕ ಹೇಳಿ ಎದ್ದುಬಿಡು. ಅಲ್ಲಿಗೆ ನಿಲ್ಲಿಸು, ಅಷ್ಟೇ. ಅವೂ ಕೈಚೆಲ್ಲಿದ್ರೆ ನನ್ನ ಔಷಧಿ ಗೆದ್ದ ಹಾಗೆ. ಎಂಟು ವರ್ಷ ಕಣಪ್ಪಾ. ಕೈಮುಗಿದು ಕೇಳ್ಕೋತೀನಿ. ಹೂಂ ಅಂತ ಒಂದು ಮಾತು ಹೇಳು, ನಿನ್ನ ಮೂವತ್ತೇಳು ನಿಮಿಷ ನಾನೇ ಕೊಡಿಸ್ತೀನಿ.”

ಬರೆಯುತ್ತಿದ್ದವನಾದ ಕಾರಣ ಪೆನ್ನಿನ ಮುಚ್ಚಳ ನನ್ನ ಹಲ್ಲಿನಲ್ಲಿತ್ತು. ಅದನ್ನು ತೆಗೆಯಲಿಲ್ಲ. ತಲೆಯನ್ನು ಅಡ್ಡಕ್ಕೆ ಆಡಿಸಿದೆನು.