ಮಾವನ ಮುಂದೆ ಕಾಲು

ಮಲಕಿಗೆ ಬೇಕಾಗಿದ್ದುದು ಅರಮನೆಯಲ್ಲ, ಕಾಲು ಚಾಚುವಷ್ಟು ಜಾಗ. ಸವಾಯಿ ದ್ವೀಪದ ಆ ಮಾವನ ಮನೆಗೆ ಸುತ್ತಲೂ ಕಂಬಗಳಿದ್ದವು, ಗೋಡೆ ಇರಲಿಲ್ಲ. ಎತ್ತ ತಿರುಗಿದರೂ ಯಾರಾದರೊಬ್ಬ ಹಿರಿಯರು ಕೂತಿರುತ್ತಿದ್ದರು. ಹಿರಿಯರತ್ತ ಪಾದ ಚಾಚಿದರೆ ಬಾಯಿಬಿಟ್ಟು ಬೈದಂತೆಯೇ. ಹೀಗಾಗಿ ಮದುವೆಯಾದಂದಿನಿಂದ ಅವನದು ಅಖಂಡ ಪದ್ಮಾಸನ. (ತಪಸ್ವಿಗಳಿಗಾದರೂ ಕೊನೆಗೆ ವರ ಸಿಗುತ್ತದೆ.)

ಇವತ್ತು ಬೇರೆ ಮನೆ ಕಟ್ಟಿಕೊಳ್ಳಲು ಮಾವ ತುಯಿಲಗಿಯವರ ಅಪ್ಪಣೆ ಕೇಳುವುದಿತ್ತು. ಮಾವ ಆ ಕುಟುಂಬದ ಯಜಮಾನರು; ಬಾಯಿ ಏನೇ ಹೇಳಲಿ, ಅವರು ನಂಬುತ್ತಿದ್ದುದು ಮೈಯನ್ನು. ಹೆಂಡತಿ ಲೋಸಾ ಬೆಳಗಿನಿಂದ ತಾಲೀಮು ನಡೆಸಿದ್ದಳು.

“ರೀ, ಅಪ್ಪ ಕೂತಿರುವಾಗ ಕಂಬದ ಥರ ನಿಂತ್ಕೋಬೇಡಿ. ಜಗಳಕ್ಕೆ ಬಂದಿದ್ದೀರಿ ಅನ್ಕೋತಾರೆ. ಬಗ್ಗಿ, ‘ತುಲೌ, ತುಲೌ’ ಅಂತ ಕ್ಷಮೆ ಕೇಳ್ತಾ ನಡೀರಿ.”

“ಬಗ್ಗಿದ್ದೀನಲ್ಲೇ!”

“ಇನ್ನೂ ಬಗ್ಗಿ.”

“ಇನ್ನೂ ಬಗ್ಗಿದ್ರೆ ತೆವಳಬೇಕಾಗುತ್ತೆ ಕಣೆ!”

“ಮನೆ ಬೇಕೋ, ಬೇಡ್ವೋ?”

ಬೇಕಿತ್ತು. ಬಗ್ಗಿಕೊಂಡೇ ಹೋಗಿ ಮಾವನೆದುರು ಕಾಲು ಮಡಿಸಿ ಕೂತ, ವಿಷಯ ಅರುಹಿದ. ಮಾವ ಉತ್ತರವನ್ನು ಮುತ್ತಜ್ಜನ ಕಾಲದಿಂದ ಶುರುಮಾಡಿದರು. ಅವರು ಅಜ್ಜನ ಹತ್ತಿರ ಬರುವಷ್ಟರಲ್ಲಿ ಮಲಕಿಯ ಎಡಗಾಲು ಜೋಮು ಹಿಡಿಯಿತು; ಬಲಗಾಲು ಇದೆಯೋ ಇಲ್ಲವೋ ತಿಳಿಯದಾಯಿತು. ಮಿಸುಕಿದರೆ ಅಸಡ್ಡೆ ಎಂದುಕೊಂಡಾರೆಂಬ ಭಯಕ್ಕೆ ಉಸಿರನ್ನೂ ಲೆಕ್ಕಾಚಾರದಿಂದಲೇ ಬಿಟ್ಟ.

“ಆಯ್ತಪ್ಪ, ಕಟ್ಕೊಳ್ಳಿ,” ಎಂದರು ಮಾವ ಕೊನೆಗೆ. “ಬಾ, ಹೊಸ ಮನೆಗೆ ಅಂತ ಈ ಚಾಪೆ ತಗೋ.”

ಗೆದ್ದೆ ಎಂದುಕೊಂಡು ಮಲಕಿ ಎದ್ದ, ಬಗ್ಗಿದ, “ತುಲೌ” ಎಂದ. ಮೈ ಮುಂದೆ ಹೋಯಿತು, ಕಾಲುಗಳು ಬರಲಿಲ್ಲ. ದಡಾರನೆ ಮಾವನ ಪಾದದ ಮೇಲೆ ಬೋರಲು ಬಿದ್ದ. ಮಹಾಪರಾಧ ಮಾಡಿದವರು ಮಾತ್ರ ಆ ಊರಿನಲ್ಲಿ ಅಷ್ಟು ಬಾಗುತ್ತಿದ್ದರು. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

“ಮಾವ, ಕಾಲು ಹಿಡ್ಕೊಂಡಿದೆ...”

“ಕಾಲು ಹಿಡೀಬೇಡಪ್ಪಾ, ಬಿಡು, ಬಿಡು!” ಮಾವನ ಕಣ್ಣಲ್ಲಿ ನೀರು. “ಬಾಯಿ ಬೇರೆ ಮನೆ ಅಂತು, ಮೈ ನಿಜ ಹೇಳ್ತು. ನಮ್ಮನ್ನ ಬಿಟ್ಟು ಹೋಗೋಕೆ ನಿಂಗೆ ಮನಸ್ಸೇ ಇಲ್ಲ. ಇದೆಲ್ಲ ಈ ಲೋಸಾಳದೇ ಕಿತಾಪತಿ, ಅಲ್ವಾ? ಹೋಗ್ಬೇಡ ಮಗಾ, ಎಲ್ಲೂ ಹೋಗ್ಬೇಡ.”

“ಬಗ್ಗಿ ಅಂದ್ರೆ ಮಲಗೇಬಿಟ್ರಲ್ರೀ!” ಎಂದು ಲೋಸಾ ಹಲ್ಲು ಕಡಿದಳು.

ಮಾವ ಹೊಸ ಮನೆಯ ಚಾಪೆಯನ್ನು ಕೊಡವಿ, ತಮ್ಮ ಮಂಡಿಗೆ ತಾಗುವಂತೆ ಎದುರಿಗೇ ಹಾಸಿದರು.

“ಇನ್ಮೇಲೆ ಇದೇ ನಿನ್ನ ಜಾಗ. ಯಾವಾಗ್ಲೂ ನನ್ನ ಕಣ್ಮುಂದೇನೇ ಇರ್ಬೇಕು.”

ಮಲಕಿ ಕಾಲು ಮಡಿಸಿ ಕೂತ.