ಪದ್ಯಕ್ಕೂ ದೃಷ್ಟಿ ತೆಗೆದ ಮನೆ

ಮಕ್ಕಳಿಗೆ ಹಳೆಗನ್ನಡ ಹೇಳಿಕೊಡೋಕೆ ಕೂತವರು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆ. ನಮ್ಮೆಜಮಾನರಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ಪಕ್ಕದ ಹಳ್ಳಿಯಲ್ಲಿ ಬಾಡಿಗೆ ಮನೆ. ಮನೆ ಮಾಲೀಕ ಗೌಡರದ್ದು ಒಂದೇ ಹಟ: "ಲಾರಿ ಓಡಾಡೋ ರಸ್ತೆ ದಾಟಿ ಮೊಮ್ಮಕ್ಕಳು ಸ್ಕೂಲಿಗೆ ಹೋಗೋದು ಬ್ಯಾಡ. ಹಳೇ ಕಾಲದಂಗೆ ಮನೇಲೇ ಪದ್ಯ ಬಾಯಿಪಾಠ ಮಾಡ್ಸು ತಾಯಿ." ಹತ್ತು ವರ್ಷದ ಹುಡುಗ, ಏಳು ವರ್ಷದ ಹುಡುಗಿ. ಕನ್ನಡ ಬಿ.ಎ. ಮಾಡಿ ಒಲೆ ಊದುತ್ತಿದ್ದ ನನಗೆ ಗೌಡರ ಪಡಸಾಲೆಯೇ ಸ್ವರ್ಗ.

೧. ನಾಯಕಿಯ ಕಾಯಿಲೆ

ಅವತ್ತು ವಿರಹದ ಪದ್ಯ. ನಾಯಕಿಗೆ ಊಟ ಸೇರದು, ನಿದ್ದೆ ಬಾರದು, ಬೆಳದಿಂಗಳೂ ಸುಡುತ್ತದೆ. "ಯಾಕಿರಬಹುದು?" ಅಂದೆ.

"ಜ್ವರ ಕಣಕ್ಕಾ, ಸೂಜಿ ಹಾಕಿಸ್ಬೇಕು," ಅಂದಳು ಹುಡುಗಿ.

ಒಳಗೆ ರಾಗಿ ಕೇರುತ್ತಿದ್ದ ಅಜ್ಜಿ, "ಜ್ವರ ಅಲ್ಲ ಕಣೇ, ದೃಷ್ಟಿ ಆಗೈತೆ!" ಅಂತ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದೇಬಿಟ್ಟರು. "ಅಯ್ಯೋ, ಅವಳು ಇಲ್ಲಿಲ್ಲ ಅಜ್ಜಿ," ಅಂದೆ. "ಪುಸ್ತಕದಾಗೆ ಇದಾಳಲ್ಲ!" ಅಂತ ಪುಸ್ತಕಕ್ಕೇ ಮೂರು ಸುತ್ತು ನೀವಾಳಿಸಿ, ಮೆಣಸಿನಕಾಯಿ ಒಲೆಗೆ ಹಾಕಿದರು. ಘಾಟಿಗೆ ಎಲ್ಲರೂ ಕೆಮ್ಮುತ್ತಾ ಅಂಗಳಕ್ಕೆ ಓಡಿದೆವು.

ಅಜ್ಜಿ ಕಣ್ಣೊರೆಸಿಕೊಂಡು, "ದೃಷ್ಟಿ ಆಗಿದ್ರೆ ಘಾಟೇ ಬತ್ತಿರ್ಲಿಲ್ಲ. ಮಗು ಹೇಳಿದ್ದೇ ಸರಿ, ಸೂಜಿನೇ ಹಾಕಿಸ್ರಿ," ಅಂದರು.

೨. ಯುದ್ಧ

ಮಕ್ಕಳ ಅಪ್ಪ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗಿದ್ದ. ನಾನೋ, ವೀರರಸ ಅಂತ ಯುದ್ಧದ ಪದ್ಯವನ್ನು ಮಕ್ಕಳ ಕೈಲಿ ಗಂಟಲು ಹರಿಯೋ ಹಾಗೆ ಹೇಳಿಸುತ್ತಿದ್ದೆ. ಆತ ದೊಣ್ಣೆ ಹಿಡಿದು ಹೊರಗೆ ನುಗ್ಗಿದ. "ಯಾರ್ಗೆ ಯಾರು ಹೊಡೆದ್ರೋ?"

"ಇನ್ನೂ ಇಲ್ಲಪ್ಪ," ಅಂದ ಹುಡುಗ. "ಮೂರು ದಿನದಿಂದ ಬರೀ ಬೈಕೊಳ್ತಾವ್ರೆ."

ಆತನಿಗೆ ರೇಗಿಹೋಯ್ತು. "ಸಾಕು ಈ ಪಾಠ, ಸ್ಕೂಲಿಗೆ ಹಾಕ್ತೀನಿ!" ಗೌಡರು ನಡುವೆ ಬಂದು, "ಭಾನುವಾರ ಊರ ಹಿರಿಯರ ಮುಂದೆ ಹುಡುಗ ಪದ್ಯ ಹೇಳಿ ಅರ್ಥ ಹೇಳ್ಲಿ. ಆಮೇಲೆ ತೀರ್ಮಾನ," ಅಂದರು. ಪಾಠ ನಿಂತರೆ ನನಗೆ ಮತ್ತೆ ಒಲೆಯೇ ಗತಿ.

೩. ಕೆರೆ ವ್ಯಾಜ್ಯ

ಭಾನುವಾರ ಪಡಸಾಲೆ ತುಂಬ ಹಿರಿಯರು. ಹುಡುಗ ಒಂದಕ್ಷರ ತಪ್ಪದೆ ಪದ್ಯ ಹೇಳಿದ. ಸದ್ಯ, ಗೆದ್ದೆ ಅಂದುಕೊಂಡೆ. ಆಮೇಲೆ ಅರ್ಥ ಹೇಳಿದ: "ರಾಜನ ಸೈನ್ಯ ಎಷ್ಟು ದೊಡ್ಡದು ಅಂದ್ರೆ, ಬಾಯಾರ್ಕೆ ಆಗಿ ಒಂದು ಕೆರೆ ಪೂರ್ತಿ ಕುಡಿದು ಖಾಲಿ ಮಾಡ್ತು."

ಊರಿನ ಗದ್ದೆಗಳಿಗೆ ಕೆರೆ ನೀರು ಹಂಚುವ ನೀರುಗಂಟಿ ದಡಕ್ಕನೆ ಎದ್ದ. "ಯಾರನ್ ಕೇಳಿ ಕುಡಿದ್ರು?"

"ಅದು ಕವಿಯ ಅತಿಶಯೋಕ್ತಿ..." ಅಂತ ನಾನು ಬಾಯಿ ತೆರೆದೆ.

"ನೀನು ಸುಮ್ಕಿರು ತಾಯಿ! ಕೆಳಗಿನ ಗದ್ದೆಯೋರು ಏನ್ ಮಾಡ್ಬೇಕು?"

ಮಕ್ಕಳ ಅಪ್ಪನೂ ಬಿಡಲಿಲ್ಲ. "ದುಡಿದು ದಣಿದು ಬಂದೋರು ನೀರೂ ಕುಡೀಬಾರ್ದಾ?" ಅರ್ಧ ಊರು ರಾಜನ ಕಡೆ, ಅರ್ಧ ಕೆರೆ ಕಡೆ. ಊಟದ ಹೊತ್ತು ಮೀರಿತು.

ಕೊನೆಗೆ ಗೌಡರು ನೆಲಕ್ಕೆ ಕೈ ಬಡಿದರು. "ಒಂದೇ ಕಡೆ ಮಾತು ಕೇಳಿ ತೀರ್ಪು ಕೊಡಕ್ಕಾಗಲ್ಲ. ರಾಜ ಮುಂದಿನ ಪದ್ಯದಾಗೆ ಏನಂತಾನೋ ಕೇಳವ. ಅಲ್ಲೀಗಂಟ ಪಾಠ ನಿಲ್ಲಂಗಿಲ್ಲ!" ಮೊದಲು ಹೂಂ ಅಂದವನು ಮಕ್ಕಳ ಅಪ್ಪನೇ.

ಆ ಕಾವ್ಯದಲ್ಲಿ ರಾಜ ಮತ್ತೆ ಕೆರೆಯ ಮಾತೇ ಎತ್ತುವುದಿಲ್ಲ. ನಾನೂ ಎತ್ತಲಿಲ್ಲ. ಆರಾಮವಾಗಿ ಎರಡು ವರ್ಷ ಪಾಠ ಮಾಡಿದೆ.